ಕೊನೆ ಭಾಗದ ಆಟಗಾರರು



ರಾಜಕೀಯ ಉದ್ವಿಗ್ನತೆ ಆನ್‌ಲೈನ್ ಆಟಗಳಿಗೆ ನುಗ್ಗುವ ಬಗೆಯನ್ನು ಚರ್ಚಿಸುವ ಈ ವಿಚಾರ ಸಂಕಿರಣಕ್ಕೆ ಮಂಡ್ಯವೇ ಯಾಕೆ? ಬೆಂಗಳೂರಿನಲ್ಲಿ ಮಾಡಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬೇಕು. ಉತ್ತರ ನಮ್ಮ ನಾಲೆಯಲ್ಲೇ ಇದೆ. ಕನ್ನಂಬಾಡಿ ಅಣೆಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯದ ಗದ್ದೆಗಳನ್ನು ತೋಯಿಸಿ, ಮದ್ದೂರು, ಮಳವಳ್ಳಿ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಅಲ್ಲಿನ ರೈತರು ತಮ್ಮನ್ನು ‘ಕೊನೆ ಭಾಗದವರು’ ಎಂದು ಕರೆದುಕೊಳ್ಳುತ್ತಾರೆ. ಮೇಲೆ ಯಾರು ಗೇಟು ಎತ್ತಿದರು, ಯಾಕೆ ಇಳಿಸಿದರು ಎಂಬುದು ಅವರಿಗೆ ಗೊತ್ತಾಗುವುದು ಕಾಲುವೆ ಒಣಗಿದಾಗ. ಫೋನು ಹಿಡಿದು ಆಡುವ ನಮ್ಮ ಹುಡುಗರೂ ಹುಡುಗಿಯರೂ ಅಂಥದೇ ಕೊನೆ ಭಾಗದವರು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಎರಡು ವಾರ ಕಳೆಯುವಷ್ಟರಲ್ಲಿ ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳು ಸರ್ಕಾರದ ಆದೇಶದಿಂದ ನಿಂತವು. ಸೆಪ್ಟೆಂಬರ್ 2ರಂದು ಇನ್ನೂ 118. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಆಟದ ಮೂಲ ದಕ್ಷಿಣ ಕೊರಿಯಾ. ಮೊಬೈಲಿನಲ್ಲಿ ಅದಕ್ಕೆ ಚೀನಾದ ಟೆನ್ಸೆಂಟ್ ಕಂಪನಿಯ ನಂಟು. 2021ರ ಜುಲೈನಲ್ಲಿ ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿಟ್ಟುಕೊಂಡು ಬಂತು. 2022ರ ಜುಲೈನಲ್ಲಿ ಆ್ಯಪ್ ಅಂಗಡಿಗಳಿಂದ ಕಾಣೆಯಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನಡುವೆ, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಎಂಬ ಆಟವೂ ಹೋಯಿತು. ನಾಲೆಯ ಕಟ್ಟು ನೀರಿನ ಪದ್ಧತಿ ಕಂಡ ನಮಗೆ ಈ ಬಿಡುವುದು, ನಿಲ್ಲಿಸುವುದು ಹೊಸದೇನಲ್ಲ.

ಇನ್ನೊಂದು ಸೋಜಿಗವನ್ನೂ ಗಮನಿಸಿ. ಪಬ್‌ಜಿ ನಿಂತ ಎರಡೇ ದಿನಕ್ಕೆ ‘ಫೌ-ಜಿ’ ಎಂಬ ದೇಶೀ ಆಟದ ಘೋಷಣೆಯಾಯಿತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಅದನ್ನು 2021ರ ಗಣರಾಜ್ಯೋತ್ಸವದ ದಿನ ಬಿಡುಗಡೆ ಮಾಡಿತು. ಅದರ ಮೊದಲ ಕಥೆಯೇ ಗಾಲ್ವಾನ್. ಗಡಿಯ ಒಂದು ಘರ್ಷಣೆ ಒಂದು ಆಟವನ್ನು ಕಿತ್ತುಕೊಂಡಿತು, ಇನ್ನೊಂದು ಆಟಕ್ಕೆ ಕಥೆಯನ್ನೂ ಒದಗಿಸಿತು.

ರಾಜಕೀಯ ಆಟಕ್ಕೆ ಮೇಲಿನಿಂದ ಬರುವ ದಾರಿ ಇದು. ಇನ್ನೊಂದು ದಾರಿ, ಆಡುತ್ತಲೇ ಮಾತಾಡುವ ಮೈಕಿನದು. ಪಬ್‌ಜಿಯಂಥ ಆಟದಲ್ಲಿ ಸ್ಕ್ವಾಡ್ ಎಂದರೆ ನಾಲ್ವರ ತಂಡ. ಗೆಳೆಯರು ಸಿಗದಿದ್ದರೆ ಆಟವೇ ಅಪರಿಚಿತರನ್ನು ತಂದು ಜೋಡಿಸುತ್ತದೆ. ಹುಡುಗರು ಅವರನ್ನು ‘ರ‍್ಯಾಂಡಮ್’ ಎನ್ನುತ್ತಾರೆ. ಮುಖ ಕಾಣದು, ಹೆಸರು ನಿಜದ್ದಲ್ಲ, ಊರು ತಿಳಿಯದು. ಉಳಿಯುವ ಗುರುತು ಒಂದೇ, ನುಡಿ. ಆಟದ ನಕ್ಷೆಯ ಪೋಚಿಂಕಿ ಎಂಬ ಊರಿನಲ್ಲಿ ಇಳಿದ ಮಳವಳ್ಳಿಯ ಹುಡುಗ “ಹಿಂದ್ಗಡೆ ಅವ್ನೆ, ನೋಡ್ಲಾ” ಎಂದನೆಂದುಕೊಳ್ಳಿ. ಆ ಒಂದು ‘ಲಾ’ ಸಾಕು, ಅವನು ಯಾವ ಸೀಮೆಯವನೆಂದು ಕನ್ನಡ ಬಲ್ಲವರಿಗೆ ಗೊತ್ತಾಗಿಬಿಡುತ್ತದೆ. ಕನ್ನಡ ಬಾರದವರಿಗೆ ಅವನು ಬರಿಯ ‘ಕನ್ನಡದವನು’. ನೀರಿನ ಜಗಳದಲ್ಲಿ ಕಾವೇರಿ ಕಾವೇರಿದ ವಾರದಲ್ಲಿ ಜೊತೆಗಾರ ತಮಿಳಿನವನಾದರೆ? ನಾಲ್ವರಲ್ಲಿ ಒಬ್ಬ “ಹಿಂದಿಯಲ್ಲೇ ಮಾತಾಡು” ಎಂದು ಪಟ್ಟು ಹಿಡಿದರೆ? ಎದುರಾಳಿಗೆ ಗುಂಡು ಹೊಡೆಯುವ ಮೊದಲೇ ಸ್ಕ್ವಾಡ್ ಒಡೆದಿರುತ್ತದೆ.

ಆಟಕ್ಕೂ ಕಾವೇರಿಗೂ ಗಂಟು ಹಾಕುತ್ತಿದ್ದೇನೆ ಎನ್ನಬೇಡಿ. ಆ ಗಂಟು ಮೊದಲೇ ಬಿದ್ದಿದೆ. 2018ರ ಏಪ್ರಿಲ್ 10ರಂದು ಚೆನ್ನೈನ ಚೆಪಾಕ್ ಕ್ರಿಕೆಟ್ ಮೈದಾನದೊಳಕ್ಕೆ ಚಪ್ಪಲಿ, ಬೂಟು ತೂರಿಬಂದವು. ಕಾವೇರಿ ನಿರ್ವಹಣಾ ಮಂಡಳಿ ರಚಿಸಿ ಎಂಬುದು ಪ್ರತಿಭಟನಕಾರರ ಬೇಡಿಕೆ. ಆ ವರ್ಷ ಚೆನ್ನೈ ಸೂಪರ್ ಕಿಂಗ್ಸ್ ತಂಡದ ಉಳಿದ ತವರು ಪಂದ್ಯಗಳು ಪುಣೆಗೆ ಗುಳೆ ಹೋದವು. ಅದಕ್ಕೂ ಮುಂಚೆ, 2016ರ ಸೆಪ್ಟೆಂಬರಿನಲ್ಲಿ, ಕಾವೇರಿ ಹೋರಾಟಕ್ಕೆ ಇಳಿದಿದ್ದ ಕನ್ನಡ ನಟರನ್ನು ಫೇಸ್‌ಬುಕ್‌ನಲ್ಲಿ ಗೇಲಿ ಮಾಡಿದನೆಂದು ಬೆಂಗಳೂರಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಗುಂಪೊಂದು ಥಳಿಸಿತು. ಅದರ ವಿಡಿಯೊ ಎರಡೂ ರಾಜ್ಯಗಳ ಫೋನುಗಳಲ್ಲಿ ಹರಿಯಿತು. 12ನೇ ತಾರೀಖು ಬೆಳಿಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿ. ಅದೇ ದಿನ ಬೆಂಗಳೂರಿನ ಒಂದು ಡಿಪೋದಲ್ಲಿ ಮೂವತ್ತಕ್ಕೂ ಹೆಚ್ಚು ಬಸ್ಸುಗಳಿಗೆ ಬೆಂಕಿ. ಪರದೆಯ ಮೇಲಿನ ಮಾತು ಬೀದಿಗೆ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದನ್ನು ನಾವು ಕಣ್ಣಾರೆ ಕಂಡವರು.

ಊರಿನ ಕಬಡ್ಡಿಯಲ್ಲಿ ಜಗಳವಾದರೆ ಅರಳಿಕಟ್ಟೆಯ ಹಿರಿಯರು ಬಿಡಿಸುತ್ತಿದ್ದರು ಎಂದು ನಿಟ್ಟುಸಿರು ಬಿಡುವುದು ಸುಲಭ. ಆ ಕಟ್ಟೆಯ ಮೇಲೆ ಯಾರ್‍ಯಾರನ್ನು ಕೂರಲು ಬಿಡುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಅಪರಿಚಿತರ ಸ್ಕ್ವಾಡ್ ಯಾರ ಜಾತಿಯನ್ನೂ ಕೇಳಿ ಸೇರಿಸಿಕೊಳ್ಳುವುದಿಲ್ಲ. ಮುಖ ಮುಚ್ಚಿಕೊಂಡು ಬೈಯುವವರಿಗೆ ನೆರಳಾಗುವ ಅದೇ ಅನಾಮಿಕತೆ, ಬಾಯಿ ಕಟ್ಟಿಸಿಕೊಂಡವರಿಗೆ ಬಾಯಿಯೂ ಆಗಬಲ್ಲದು. ಫಿನ್ಲೆಂಡಿನ ಹೆಲ್ಸಿಂಗಿನ್ ಸನೊಮಾಟ್ ಪತ್ರಿಕೆ 2023ರ ಮೇ 3ರಂದು ಕೌಂಟರ್-ಸ್ಟ್ರೈಕ್ ಆಟದ ನಕ್ಷೆಯೊಂದರಲ್ಲಿ ಗುಪ್ತ ಕೋಣೆ ಕಟ್ಟಿ, ಉಕ್ರೇನ್ ಯುದ್ಧದ ವರದಿಗಳನ್ನು ರಷ್ಯನ್ ಭಾಷೆಯಲ್ಲಿ ಅದರ ಗೋಡೆಗೆ ಅಂಟಿಸಿತು. ರಷ್ಯಾದಲ್ಲಿ ಪತ್ರಿಕೆಗೆ ತಡೆಯಿತ್ತು, ಆಟಕ್ಕೆ ಇರಲಿಲ್ಲ.

ಇನ್ನು ಆಟದ ಯಜಮಾನರ ಮಾತು. 2019ರ ಅಕ್ಟೋಬರಿನಲ್ಲಿ ಹಾರ್ತ್‌ಸ್ಟೋನ್ ಎಂಬ ಆನ್‌ಲೈನ್ ಆಟದ ಪಂದ್ಯ ಮುಗಿಸಿದ ಹಾಂಗ್‌ಕಾಂಗ್‌ನ ಆಟಗಾರನೊಬ್ಬ ತನ್ನ ನಗರದ ಹೋರಾಟದ ಘೋಷಣೆ ಕೂಗಿದ. ಆ ಆಟದ ಒಡೆಯನಾದ ಬ್ಲಿಝಾರ್ಡ್ ಕಂಪನಿ ಅವನನ್ನು ಒಂದು ವರ್ಷ ಹೊರಗಿಟ್ಟು ಬಹುಮಾನವನ್ನೂ ಕಿತ್ತುಕೊಂಡಿತು. ಲೋಕ ಛೀಮಾರಿ ಹಾಕಿದ ಮೇಲೆ ಶಿಕ್ಷೆಯನ್ನು ಆರು ತಿಂಗಳಿಗಿಳಿಸಿ ಹಣ ಹಿಂತಿರುಗಿಸಿತು. ಶಿಕ್ಷೆ ಕೊಟ್ಟವರೇ ಅದರ ಮೇಲ್ಮನವಿಯನ್ನೂ ಕೇಳಿದ ಪ್ರಸಂಗವಿದು.

ಇಲ್ಲಿ ಮತ್ತೆ ನಾಲೆಗೆ ಬರುತ್ತೇನೆ. ಕಾವೇರಿ ಜಗಳಕ್ಕೆ 1990ರಲ್ಲಿ ನ್ಯಾಯಮಂಡಳಿ ಬಂತು. 2007ರಲ್ಲಿ ಅಂತಿಮ ತೀರ್ಪು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದಿತು. ಅದಕ್ಕೆ ನಾವು ಒಪ್ಪಿರಬಹುದು, ಹೆದ್ದಾರಿ ತಡೆದಿರಬಹುದು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯ ಮುಂದೆ ಧರಣಿ ಕೂತಿರಬಹುದು. ಆದರೂ ತೀರ್ಪಿನ ಪುಟಗಳು ಎದುರಿಗಿವೆ, ಕಾರಣಗಳು ಬರಹದಲ್ಲಿವೆ. ಆಟ ನಿಲ್ಲಿಸುವ ಆದೇಶ ಬರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ. 2009ರ ನಿಯಮಗಳ ಪ್ರಕಾರ ದೂರು ಮತ್ತು ಅದರ ಮೇಲಿನ ಕ್ರಮ ಗೋಪ್ಯ. ದೇಶದ ಭದ್ರತೆಗೆ ಗುಟ್ಟು ಬೇಕಾದೀತು, ಒಪ್ಪೋಣ. ಆದರೆ ಆಟದಿಂದಲೇ ನಾಲ್ಕು ಕಾಸು ಕಾಣುತ್ತಿದ್ದ ಹುಡುಗನಿಗೆ ಒಂದು ಸಾಲಿನ ಕಾರಣವೂ ಸಿಗಬಾರದೇ? 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ, ಸ್ವಾಗತ. ಆದರೆ ಅದರ ಕಣ್ಣೆಲ್ಲ ಹಣ ಕಟ್ಟಿ ಆಡುವ ಆಟದ ಮೇಲಿದೆ. ಮೈಕಿನಲ್ಲಿ ಹರಿಯುವ ವಿಷಕ್ಕೆ ಮದ್ದು ಬೇರೆ ಬೇಕು.

ಹಾಗಾಗಿ ಇಂದಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆ ಇಡುತ್ತೇನೆ. ನಿಷೇಧದ ಕಾರಣವನ್ನು, ಭದ್ರತೆಗೆ ಧಕ್ಕೆಯಾಗದಂತೆ, ಆಡುವವರಿಗೆ ಎಷ್ಟರ ಮಟ್ಟಿಗೆ ತಿಳಿಸಬಹುದು? ಕಂಪನಿ ಕೊಟ್ಟ ಶಿಕ್ಷೆಯ ವಿರುದ್ಧ ಆ ಕಂಪನಿಯ ಆಚೆ ಮೇಲ್ಮನವಿ ಕೇಳುವವರು ಯಾರಾಗಬೇಕು? ಕನ್ನಡದಲ್ಲಿ ಬೈದರೆ, ಕನ್ನಡದವನೆಂದು ಬೈದರೆ, ಆ ದೂರನ್ನು ಕನ್ನಡ ಬಲ್ಲ ಮನುಷ್ಯರೇ ಓದುವ ಏರ್ಪಾಡು ಮಾಡುವುದು ಹೇಗೆ? ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ‘ಲಾ’ ಎಂಬುದು ನಮ್ಮಲ್ಲಿ ಸಲುಗೆಯೂ ಹೌದು, ಜಗಳವೂ ಹೌದು. ಯಾವಾಗ ಯಾವುದು ಎಂದು ಹೇಳಲು ಇಲ್ಲಿನ ಕಿವಿಯೇ ಬೇಕು.

ವಿದ್ಯಾರ್ಥಿಗಳೇ, ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ಮೈಕಿನಲ್ಲಿ ಕೇಳಿದ್ದನ್ನು, ನೀವೇ ಆಡಿದ್ದನ್ನೂ, ಮುಚ್ಚಿಡದೆ ಹೇಳಿ. ನಮ್ಮ ಊರುಗಳಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಮೇಲಿನ ಗೇಟು ಅವನ ಕೈಲಿರಲಿಲ್ಲ. ತನ್ನ ಪಾಲಿನ ತೂಬನ್ನು ಮಾತ್ರ ಅವನು ಕಾಯುತ್ತಿದ್ದ. ನಾಳೆ ಕಾವೇರಿ ಮತ್ತೆ ಕಾವೇರಿದ ಸಂಜೆ, ನಿಮ್ಮ ಸ್ಕ್ವಾಡಿಗೆ ಸೇಲಂನ ಹುಡುಗನೊಬ್ಬ ಬಂದು ಬಿದ್ದರೆ, ನಿಮ್ಮ ಕೈಲಿರುವ ತೂಬು ನಿಮ್ಮ ಮೈಕು.