ಮಗುವಿನ ಬೆಳವಣಿಗೆಯ ಮೊದಲ ತಪಾಸಣೆಗೆ ಹೋಗುವ ಮುನ್ನ

(ಸಂಘದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಪಗಾರ, ಬೋನಸ್ಸುಗಳ ಮಾತನ್ನು ಬದಿಗಿಟ್ಟು, ಮನೆಯೊಳಗಿನ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತೇವೆ. ಮಗುವಿಗೆ ಎರಡು ವರ್ಷವಾದರೂ ಮಾತು ಬರಲಿಲ್ಲ, ಒಂದೂವರೆ ವರ್ಷವಾದರೂ ನಡೆಯಲಿಲ್ಲ ಎಂದಾಗ ಡಾಕ್ಟರು 'ಬೆಳವಣಿಗೆಯ ತಪಾಸಣೆ ಮಾಡಿಸಿ' ಎಂದು ಚೀಟಿ ಬರೆದುಕೊಡುತ್ತಾರೆ. ಚೀಟಿ ಬಂದೊಡನೆ ಮನೆಯಲ್ಲಿ ಗಾಬರಿ. 'ಅವನ ಅಪ್ಪನೂ ಮಾತಾಡಿದ್ದು ತಡವಾಗಿಯೇ' ಎಂದು ಅಜ್ಜಿ ಹೇಳುತ್ತಾರೆ. 'ನಾಲ್ಕು ಜನ ಏನೆಂದಾರು' ಎಂದು ಮತ್ತೊಬ್ಬರು. ಕೊನೆಗೆ ಆ ಚೀಟಿ ದೇವರ ಪಟದ ಹಿಂದೆ ಸೇರುತ್ತದೆ. ಅದು ಅಲ್ಲಿ ಉಳಿಯಬಾರದು ಎಂಬುದಕ್ಕಾಗಿಯೇ ಈ ಮಾತು.

ಮೊದಲು ಒಂದು ಭಯವನ್ನು ಕಳೆಯೋಣ. ನಮ್ಮಲ್ಲಿ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತವರು. ಪರೀಕ್ಷೆಯೆಂದರೆ ಪಾಸು, ನಪಾಸು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತಿದೆ. ಈ ತಪಾಸಣೆಗೆ ಆ ಲೆಕ್ಕವಿಲ್ಲ. ಮಗು ಏನು ಮಾಡಬಲ್ಲದು, ಎಲ್ಲಿ ಕೈಹಿಡಿದು ನಡೆಸಬೇಕು ಎಂದು ತಿಳಿಯುವುದೇ ಇದರ ಉದ್ದೇಶ. ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಬಹು ವೇಗವಾಗಿ ಬೆಳೆಯುತ್ತದೆ. ಆದುದರಿಂದ ಬೇಗ ಸಿಕ್ಕ ಸಹಾಯಕ್ಕೆ ಹೆಚ್ಚು ಫಲ.

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ, ನುಡಿಯುವುದಿಲ್ಲ, ನಿಜ. ಆದರೂ ಕೆಲವು ಮೇರೆಗಳಿವೆ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ ಮಗು, ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಹದಿನೆಂಟು ತಿಂಗಳಾದರೂ ನಡೆಯದ ಮಗು, ಎರಡು ವರ್ಷವಾದರೂ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದ ಮಗು, ಇವರನ್ನು ತೋರಿಸತಕ್ಕದ್ದು. ಬಂದ ಮಾತು ನಿಂತುಹೋದರೆ, ಕಲಿತ ಆಟ ಮರೆತರೆ, ಯಾವ ವಯಸ್ಸಾದರೂ ತಡಮಾಡಕೂಡದು. ದಿನ ತುಂಬುವ ಮುನ್ನ ಹುಟ್ಟಿದ ಮಗುವಾದರೆ, ಎರಡು ವರ್ಷದವರೆಗೆ ಲೆಕ್ಕ ಬೇರೆ. ಎರಡು ತಿಂಗಳು ಮೊದಲು ಹುಟ್ಟಿದ್ದರೆ, ವಯಸ್ಸಿನಲ್ಲಿ ಎರಡು ತಿಂಗಳು ಕಳೆದು ನೋಡುತ್ತಾರೆ. ಇದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಎಲ್ಲಿಗೆ ಹೋಗಬೇಕು? ಪರೇಲಿನ ಬಾಯಿ ಜೇರಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಗಿರಣಿಗಾವಿನ ನಡುವೆ ನಿಂತಿದೆ. 1982ರ ಮುಷ್ಕರದ ನಂತರ ಸುತ್ತಲಿನ ಗಿರಣಿಗಳ ಭೋಂಗಾಗಳು ಒಂದೊಂದಾಗಿ ನಿಂತವು, ಆಸ್ಪತ್ರೆ ಉಳಿದಿದೆ. ನಗರಪಾಲಿಕೆಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲೂ ಮಕ್ಕಳ ವಿಭಾಗಗಳಿವೆ. ಬೆಳವಣಿಗೆಯ ತಪಾಸಣೆ ಯಾವ ವಾರ, ಎಷ್ಟು ಗಂಟೆಗೆ ಎಂದು ಮೊದಲೇ ಹೋಗಿ ಕೇಳಿಕೊಂಡು ಬನ್ನಿ. ಮಾತು ತಡವಾದ ಮಗುವಿಗೆ ಕಿವಿಯ ಪರೀಕ್ಷೆ ಮೊದಲು ಆಗಬೇಕು. ಸಪ್ಪಳಕ್ಕೆ ಬೆಚ್ಚುತ್ತದೆ ಎಂದ ಮಾತ್ರಕ್ಕೆ ಮಾತೆಲ್ಲ ಕೇಳುತ್ತದೆ ಎನ್ನುವಂತಿಲ್ಲ. ಅದಕ್ಕೆ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಹೆಂಡತಿ ಮಕ್ಕಳು ಊರಿನಲ್ಲಿರುವವರು ಅಂಗನವಾಡಿಯಲ್ಲಿ ವಿಚಾರಿಸಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಸೇರಿದೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯೂ ಇದೆ.

ಅಲ್ಲಿ ಏನು ಮಾಡುತ್ತಾರೆ? ನೋಡುವವರಿಗೆ ಆಟದಂತೆಯೇ ಕಾಣುತ್ತದೆ. ಮರದ ತುಂಡುಗಳನ್ನು ಒಂದರ ಮೇಲೊಂದು ಇಡಲು ಕೊಡುತ್ತಾರೆ. ಸಣ್ಣ ಕಾಳನ್ನು ಎರಡು ಬೆರಳಲ್ಲಿ ಎತ್ತುತ್ತದೆಯೋ, ಅಂಗೈಯಿಂದ ಬಾಚುತ್ತದೆಯೋ ನೋಡುತ್ತಾರೆ. ಚೆಂಡು, ಬಟ್ಟಲು, ಚಿತ್ರದ ಪುಸ್ತಕ ಇವೆಲ್ಲ ಇರುತ್ತವೆ. ನಮ್ಮ ದೇಶದ ಮಕ್ಕಳಿಗಾಗಿಯೇ ಬರೋಡಾದಲ್ಲಿ ಪ್ರಮಿಳಾ ಫಾಟಕ್ ಅವರು 1970ರಲ್ಲಿ ಒಂದು ಮಾಪನ ಸಿದ್ಧಪಡಿಸಿದರು. 1997ರಲ್ಲಿ ಅದು ಪರಿಷ್ಕಾರಗೊಂಡಿತು. ಎರಡೂವರೆ ವರ್ಷದೊಳಗಿನ ಮಕ್ಕಳಿಗಾಗಿ ಅದರಲ್ಲಿ ಚಲನೆಯ 67, ಬುದ್ಧಿಯ 163 ಅಂಶಗಳಿವೆ. ಒಂದೊಂದು ಮಗುವಿಗೂ ಎಲ್ಲವನ್ನೂ ಕೇಳುವುದಿಲ್ಲ, ವಯಸ್ಸಿಗೆ ತಕ್ಕವನ್ನು ಮಾತ್ರ.

ಈಗ ಮುಖ್ಯ ಮಾತು. ಡಾಕ್ಟರು ಮಗುವನ್ನು ನೋಡುವುದು ಸ್ವಲ್ಪ ಹೊತ್ತು. ಅದೂ ಹೊಸ ಜಾಗ, ಹೊಸ ಮುಖ. ಮನೆಯಲ್ಲಿ ಕುಣಿಯುವ ಮಗು ಅಲ್ಲಿ ಸೆರಗು ಹಿಡಿದು ಅಳಬಹುದು. ಹಗಲುರಾತ್ರಿ ನೋಡಿದವರು ನೀವು. ನೀವು ಕಂಡದ್ದನ್ನು ಕಂಡಂತೆ ಒಯ್ದರೆ ಅರ್ಧ ಕೆಲಸ ಆದಂತೆ.

ಆದುದರಿಂದ ಎರಡು ವಾರ ಮುಂಚೆಯೇ ಒಂದು ನೋಟುಪುಸ್ತಕ ಇಡಿ. ಮಗು ನಕ್ಕದ್ದು, ಕೂತದ್ದು, ನಡೆದದ್ದು ಯಾವ ತಿಂಗಳಲ್ಲಿ ಎಂದು ನೆನಪಿದ್ದಷ್ಟು ಬರೆಯಿರಿ. ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ, ನಿಮ್ಮ ಕೈ ಹಿಡಿದು ಎಳೆಯುತ್ತದೆಯೇ? ಬೇರೆ ಮಕ್ಕಳ ಜೊತೆ ಸೇರುತ್ತದೆಯೇ? ಊಟ, ನಿದ್ರೆ ಹೇಗೆ? ದಿನಕ್ಕೆ ಎಷ್ಟು ಹೊತ್ತು ಮೊಬೈಲು ನೋಡುತ್ತದೆ? ಇದನ್ನೂ ಮುಚ್ಚಿಡಬೇಡಿ. ಮನೆಯಲ್ಲಿ ಆಡುವಾಗ ಒಂದೆರಡು ನಿಮಿಷ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಹೋದರೆ, ಅಲ್ಲಿ ಅಳುವ ಮಗುವನ್ನೂ ಡಾಕ್ಟರು ಅರಿಯಬಲ್ಲರು.

ಭಾಷೆಯ ಮಾತು ನಮಗೆ ವಿಶೇಷ. ಮನೆಯಲ್ಲಿ ತುಳು, ಅಜ್ಜಿಯ ಬಾಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಆಟದಲ್ಲಿ ಹಿಂದಿ. ಮಗು 'ನುಪ್ಪು' ಎಂದರೂ ಮಾತೇ, 'ಹಾಲು' ಎಂದರೂ ಮಾತೇ, 'ಪಾಣಿ' ಎಂದರೂ ಮಾತೇ. ಎಲ್ಲ ಭಾಷೆಯ ಪದಗಳನ್ನೂ ಒಂದೇ ಪಟ್ಟಿಯಲ್ಲಿ ಬರೆಯಿರಿ, ಅರ್ಥವನ್ನು ಪಕ್ಕದಲ್ಲಿಡಿ. ಹಿಂದಿಯಲ್ಲಿ ಕೇಳಿದ್ದಕ್ಕೆ ಉತ್ತರಿಸದಿದ್ದರೆ 'ಮನೆಯಲ್ಲಿ ಈ ಭಾಷೆ ಆಡುವುದಿಲ್ಲ' ಎಂದು ಧೈರ್ಯವಾಗಿ ಹೇಳಿ. ಹಲವು ಭಾಷೆಗಳನ್ನು ಕೇಳಿದ್ದರಿಂದಲೇ ಮಾತು ತಡವಾಗುವುದಿಲ್ಲ. ತಾಯ್ನುಡಿ ಬಿಡಿಸಬೇಕಾದ ಕಾರಣವೂ ಇಲ್ಲ.

ಒಯ್ಯಬೇಕಾದ ಕಾಗದಗಳು: ಹೆರಿಗೆಯ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಲಸಿಕೆಯ ಕಾರ್ಡು, ಹಳೆಯ ಕೇಸ್‌ಪೇಪರುಗಳು. ಹುಟ್ಟಿದಾಗಿನ ತೂಕ, ಕೂಡಲೇ ಅತ್ತಿತೇ, ಕಾಮಾಲೆ ಬಂದಿತ್ತೇ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೇ, ಫಿಟ್ಸ್ ಬಂದಿತ್ತೇ, ಎಲ್ಲವನ್ನೂ ಕೇಳುತ್ತಾರೆ.

ಹೋಗುವವರು ಯಾರು? ಮಗುವನ್ನು ದಿನವೂ ನೋಡಿಕೊಳ್ಳುವವರು. ತಾಯಿ ಕೆಲಸಕ್ಕೆ ಹೋಗಿ ಅಜ್ಜಿ ನೋಡಿಕೊಳ್ಳುತ್ತಿದ್ದರೆ ಅಜ್ಜಿಯೂ ಬರಲಿ. ತಂದೆ ಬರಲೇಬೇಕು. ಡಾಕ್ಟರು ಹೇಳಿದ್ದನ್ನು ಇಬ್ಬರೂ ಕೇಳಿದರೆ, ಮನೆಗೆ ಬಂದಮೇಲೆ ದೋಷವೆಲ್ಲ ತಾಯಿಯ ತಲೆಗೆ ಬೀಳುವುದಿಲ್ಲ.

ಡೊಂಬಿವಲಿ, ನಾಲಾಸೋಪಾರಾದಿಂದ ಬರುವವರು ಗರ್ದಿಗೆ ಮುಂಚಿನ ಲೋಕಲ್ ಹಿಡಿಯಿರಿ. ಬುತ್ತಿ, ನೀರು, ಬದಲಿ ಬಟ್ಟೆ, ಮಗುವಿನ ಮೆಚ್ಚಿನ ಆಟಿಗೆ ಕೈಯಲ್ಲಿರಲಿ. ಜ್ವರವಿದ್ದರೆ ಬೇರೆ ದಿನ ಕೇಳಿ. ಮನೆಯಲ್ಲಿ ಅಭ್ಯಾಸ ಮಾಡಿಸಿ ಕರೆದೊಯ್ಯಬೇಡಿ. ಅಲ್ಲಿ 'ಹೇಳೋ, ಹೇಳೋ' ಎಂದು ಗದರಬೇಡಿ. ಮಾಡುತ್ತದೆಯೇ ಎಂದು ಕೇಳಿದಾಗ, ಕಂಡಿದ್ದರೆ ಹೌದು, ಕಾಣದಿದ್ದರೆ ಇಲ್ಲ ಎನ್ನಿ. ಮಾನಕ್ಕೆ ಅಂಜಿ ಹೇಳಿದ ಹೌದು ಮಗುವಿಗೆ ಸಿಗಬೇಕಾದ ಸಹಾಯವನ್ನು ತಪ್ಪಿಸುತ್ತದೆ.

ಹೊರಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ಏನು ಕಂಡಿರಿ? ಮನೆಯಲ್ಲಿ ನಾವೇನು ಮಾಡಬೇಕು? ಇನ್ನಾವ ಪರೀಕ್ಷೆ ಬೇಕು? ಮತ್ತೆ ಯಾವಾಗ ಬರಬೇಕು? 'ಕಾಯಿರಿ' ಎಂದರೆ, ಎಷ್ಟು ತಿಂಗಳು ಎಂದು ಕೇಳಿ ಬರೆಸಿಕೊಳ್ಳಿ. ಮಗುವಿಗೆ ಅಂಗವೈಕಲ್ಯವಿದೆ ಎಂದು ತಿಳಿದರೂ ದಾರಿ ಮುಚ್ಚಲಿಲ್ಲ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಮಾತು ತಡವಾದ ಮಕ್ಕಳಲ್ಲಿ ಕೆಲವರಲ್ಲಿ ಕಾಣುವ ಆಟಿಸಂ ಕೂಡ ಅದರಲ್ಲಿದೆ. ಸರ್ಟಿಫಿಕೇಟು, ಶಾಲೆ, ಸವಲತ್ತುಗಳ ಹಕ್ಕು ಅದರಿಂದ ಬರುತ್ತದೆ.

ಕೊನೆಯದಾಗಿ ಸಂಗಾತಿಗಳಲ್ಲಿ ಒಂದು ಬಿನ್ನಹ. ಓಪಿಡಿ ನಡೆಯುವುದು ಬೆಳಿಗ್ಗೆ. ಹೋಟೆಲಿನಲ್ಲಿ ತಿಂಡಿಯ ಗಿರಾಕಿ ಹೆಚ್ಚುವುದೂ ಬೆಳಿಗ್ಗೆಯೇ. ಒಂದು ಪಾಳಿ ತಪ್ಪಿದರೆ ಪಗಾರ ಕಡಿತವೆಂದು ಎಷ್ಟೋ ತಂದೆಯರು ಹೋಗದೆ ಉಳಿಯುತ್ತಾರೆ. ಜೊತೆಗಾರನ ಮಗುವಿಗೆ ತಾರೀಖು ಸಿಕ್ಕಿದೆ ಎಂದು ತಿಳಿದಾಗ ಅವನ ಪಾಳಿಯನ್ನು ನೀವು ಮಾಡಿ, ನಿಮ್ಮ ಪಾಳಿಯನ್ನು ಅವನು ಇನ್ನೊಂದು ದಿನ ಮಾಡಲಿ. ಮಾಲಕರಲ್ಲಿಯೂ ಇದನ್ನೇ ಕೇಳಿಕೊಳ್ಳುತ್ತೇವೆ. ಮರಾಠಿ ಬಾರದ ತಾಯಂದಿರ ಜೊತೆಗೆ ಮರಾಠಿ ಬಲ್ಲ ನೆರೆಮನೆಯವರೊಬ್ಬರು ಹೋಗಿ ಬರಲಿ.

ದೇವರ ಪಟದ ಹಿಂದೆ ಚೀಟಿ ಇಟ್ಟವರು ಯಾರಾದರೂ ಈ ಸಭೆಯಲ್ಲಿದ್ದರೆ, ನಾಳೆಯೇ ಅದನ್ನು ತೆಗೆದು ತಾರೀಖು ಕೇಳಿ ಬನ್ನಿ.