ಕೆಟ್ಟ ವೈರಿಂಗಿಗೆ ಲೆಕ್ಕ ಕೇಳುವ ಬಗೆ

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ದುಡಿದು ದಣಿದು ಬಂದಿದ್ದೀರಿ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ.

ಸಾಲ ಮಾಡಿ ಮನೆಗೆ ಹೊಸ ವೈರಿಂಗ್ ಮಾಡಿಸಿದೆವು. ಪಾಯಿಂಟಿಗೆ ಇಷ್ಟು ಎಂದು ದರ ಗೊತ್ತು ಮಾಡಿ, ಗುತ್ತಿಗೆದಾರನಿಗೆ ಪೂರ್ತಿ ಹಣ ಸಲ್ಲಿಸಿದ್ದೂ ಆಯಿತು. ತಿಂಗಳು ತುಂಬುವ ಮೊದಲೇ ನಮ್ಮ ಮನೆಯಾಕೆ, "ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ರೀ" ಎಂದಳು. ಗುತ್ತಿಗೆದಾರನನ್ನು ಕೇಳಿದರೆ, "ಹೊಸತರಲ್ಲಿ ಹಾಗೆಯೇ ಯಜಮಾನರೇ, ಚಪ್ಪಲಿ ಮೆಟ್ಟಿಕೊಂಡು ಮುಟ್ಟಿ" ಎಂಬ ಉತ್ತರ ಬಂತು. ಮಕ್ಕಳು ಸ್ನಾನ ಮಾಡುವ ಜಾಗದಲ್ಲಿ ಪ್ರಾಣಕ್ಕೆ ಚಪ್ಪಲಿಯೇ ರಕ್ಷಣೆ!

ಮೊದಲು ಗೀಸರಿನ ಕರೆಂಟು ತೆಗೆಸಿದೆ. ಪರವಾನಗಿಯುಳ್ಳ ಇನ್ನೊಬ್ಬರನ್ನು ಕರೆಸಿ ಪ್ಲಗ್ಗು ಬಿಚ್ಚಿಸಿದರೆ, ಅರ್ಥಿಂಗ್ ತಂತಿಯನ್ನು ಎಲ್ಲಿಗೂ ಸೇರಿಸದೆ ಮಡಿಚಿ ಒಳಗೆ ತುರುಕಿದ್ದರು. ದರದ ಚೀಟಿಯಲ್ಲಿ ಗೀಸರಿಗೆ ೪ ಚದರ ಮಿಲಿಮೀಟರಿನ ತಂತಿ ಎಂದಿತ್ತು. ಗೋಡೆಯೊಳಗೆ ಎಳೆದದ್ದು ೧.೫.

"ತಾನಾಗಿ ಬೀಳುವ ಸ್ವಿಚ್ಚು ಇದೆಯಲ್ಲ, ಭಯವೇನು?" ಎಂದು ನೀವು ಕೇಳಬಹುದು. ಆ ಎಂಸಿಬಿ ಇರುವುದು ತಂತಿ ಸುಡದಂತೆ ಕಾಯುವುದಕ್ಕೆ. ೧೬ ಆಂಪಿಯರಿನದಾದರೆ ಅದಕ್ಕೂ ಹೆಚ್ಚು ಹರಿದಾಗ ಮಾತ್ರ ಅದು ಬೀಳುತ್ತದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಚಿಕ್ಕದೊಂದು ಪಾಲು ಸಾಕು. ಆದುದರಿಂದ, ೩೦ ಮಿಲಿ ಆಂಪಿಯರ್ ಸೋರಿದೊಡನೆ ಕರೆಂಟನ್ನು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವೂ, ಸರಿಯಾದ ಅರ್ಥಿಂಗೂ ಎರಡೂ ಬೇಕು.

ಕೋಪದಲ್ಲಿ ನಾನು ನೇರವಾಗಿ ಹೋದದ್ದು ವೈರಿಂಗ್ ಮಾಡಿದ ಹುಡುಗನ ಮನೆಗೆ. ಅವನು ತಲೆ ತಗ್ಗಿಸಿ, "ಅಣ್ಣಾ, ಅವರು ಕೊಟ್ಟ ಸಾಮಾನಿನಲ್ಲಿ ಮಾಡಿದೆ. ಅರ್ಥಿಂಗಿಗೆ ಗುಂಡಿ ತೋಡಲು ಕೂಲಿಯನ್ನೇ ಕೊಡಲಿಲ್ಲ" ಎಂದ. ಕೆಟ್ಟ ನೂಲು ಕೊಟ್ಟು, ಬಟ್ಟೆ ಕೆಟ್ಟಿತೆಂದು ನೇಕಾರನಿಗೆ ಜುಲ್ಮಾನೆ ಹಾಕುವ ನ್ಯಾಯ ನಮಗೆ ಹೊಸದೇ? ಅವನದು ತಪ್ಪೇ ಇಲ್ಲವೆಂದಲ್ಲ. ಅಪಾಯವೆಂದು ತಿಳಿದೂ ಬಾಯಿ ಮುಚ್ಚಿಕೊಂಡಿದ್ದ. ಆದರೆ ಹಣ ಪಡೆದವನು ಗುತ್ತಿಗೆದಾರ, ಮಾತು ಕೊಟ್ಟವನೂ ಅವನೇ. ಲೆಕ್ಕ ಕೇಳಬೇಕಾದದ್ದು ಅವನನ್ನೇ.

ವಿದ್ಯುತ್ ಕಂಪನಿಯ ಕಚೇರಿಗೆ ಓಡುವುದರಿಂದಲೂ ಇಲ್ಲಿ ಪ್ರಯೋಜನವಿಲ್ಲ. ಮೀಟರಿನಿಂದಾಚೆ ಮನೆಯೊಳಗಿನ ವೈರಿಂಗಿನ ಹೊಣೆ ಮನೆಯವರದು. ಅದಕ್ಕೆಂದೇ, ದೀಪ, ಫ್ಯಾನು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದುದನ್ನು ಸರ್ಕಾರದ ಪರವಾನಗಿಯುಳ್ಳ ಗುತ್ತಿಗೆದಾರರೇ ಮಾಡಬೇಕೆಂದು ನಿಯಮವಿದೆ. ಪರವಾನಗಿ ಪತ್ರ ತೋರಿಸೆಂದು ಮೊದಲ ದಿನವೇ ಕೇಳಿ. ನಾನು ಕೇಳಿರಲಿಲ್ಲ.

ಇನ್ನು ಕೆಲಸ ಕೆಟ್ಟಾಗ ಏನು ಮಾಡಬೇಕು? ಅಪಾಯದ ಕರೆಂಟನ್ನು ಕೂಡಲೇ ನಿಲ್ಲಿಸಿ. ಸಿಟ್ಟಿನಿಂದ ಎಲ್ಲವನ್ನೂ ಕಿತ್ತೆಸೆದರೆ ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಫೋಟೋ ತೆಗೆದಿಡಿ, ಪರೀಕ್ಷಿಸಿದವರಿಂದ ದೋಷಗಳನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ನಮ್ಮ ವರ್ತಕ ಬಂಧುಗಳು ಹತ್ತು ರೂಪಾಯಿಯ ಉದ್ರಿಯನ್ನೂ ಖಾತೆಯಲ್ಲಿ ಬರೆಯುತ್ತಾರೆ. ಮನೆ ಕೆಲಸಕ್ಕೆ ಸಾವಿರಾರು ರೂಪಾಯಿಯನ್ನು ಬಾಯಿಮಾತಿನಲ್ಲಿ ಕೊಟ್ಟುಬಿಡುತ್ತಾರೆ. ರಸೀದಿಯೋ, ಫೋನಿನಲ್ಲಿ ಹಣ ಹಾಕಿದ ಗುರುತೋ ಇರಲೇಬೇಕು. ಪುಕ್ಕಟೆ ಮಾಡಿಸಿದ ಕೆಲಸ ಗ್ರಾಹಕ ಕಾನೂನಿನೊಳಗೆ ಬರುವುದಿಲ್ಲ.

ಅನಂತರ, ದೋಷ ಇಂಥದು, ಇಷ್ಟು ದಿನದೊಳಗೆ ಸರಿಪಡಿಸಬೇಕು ಎಂದು ಗುತ್ತಿಗೆದಾರನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ನಕಲು ಇಟ್ಟುಕೊಳ್ಳಿ. ಜಗ್ಗದಿದ್ದರೆ ೧೯೧೫ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ೧೯೮೬ರ ಕಾನೂನಿನ ಬದಲಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾನೂನು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ೫ ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ನಿಂತು ಹೇಳಬಹುದು. ಆದರೆ ೨ ವರ್ಷದೊಳಗೆ ಹೋಗಬೇಕು. ತೀರ್ಪಿಗೆ ಕಾನೂನು ಹೇಳುವ ಅವಧಿ ೩ ತಿಂಗಳು, ಪರೀಕ್ಷೆ ಬೇಕಾದರೆ ೫, ತಡವಾಗುವುದೂ ಉಂಟು. ಆದುದರಿಂದ ರಾಜಿಯ ಬಾಗಿಲನ್ನು ಮುಚ್ಚಬೇಡಿ.

ನಮ್ಮದು ಆಯೋಗದವರೆಗೆ ಹೋಗಲಿಲ್ಲ. ಪತ್ರ ತಲುಪಿದ ಮೇಲೆ ಗುತ್ತಿಗೆದಾರ ಬಂದು, "ಸ್ವಲ್ಪ ಹಣ ಹಿಂದಕ್ಕೆ ಕೊಡುತ್ತೇನೆ, ಇಲ್ಲಿಗೆ ಬಿಟ್ಟುಬಿಡಿ" ಎಂದ. ಕೈ ಬಿಗಿಯಾಗಿದ್ದ ಕಾಲ. ಮನಸ್ಸು ಒಂದು ಗಳಿಗೆ ತೂಗಿತು. ಆಗ ನಮ್ಮ ಮನೆಯಾಕೆ, "ಆ ಹಣ ಇಟ್ಟುಕೊಂಡು ನಲ್ಲಿ ಮುಟ್ಟುವವರು ಯಾರು?" ಎಂದು ಕೇಳಿದಳು. ಅಲ್ಲಿಗೆ ಮಾತು ಮುಗಿಯಿತು. ತಂತಿ ಬದಲಾಯಿತು, ಅರ್ಥಿಂಗ್ ಆಯಿತು, ಆರ್‌ಸಿಸಿಬಿ ಬಂತು. ಬೇರೆಯವರಿಂದ ಪರೀಕ್ಷೆ ಮಾಡಿಸಿ ವರದಿ ಬರೆಸಿಕೊಂಡೆವು. ಕೆಲಸ ಮಾಡಿದವನು ಅದೇ ಹುಡುಗ. ಈ ಸಲದ ಕೂಲಿಯನ್ನು ಅವನಿಗೆ ನನ್ನ ಎದುರಿಗೇ ಕೊಡಿಸಿದೆ.

ಬಂಧುಗಳೇ, ಹಣದ ವಿಷಯದಲ್ಲಿ ನಾಲ್ಕು ಕಾಸು ಹಿಂದೆ ಮುಂದೆ ಆಗಲಿ, ರಾಜಿ ಮಾಡಿಕೊಳ್ಳಿ. ಅರ್ಥಿಂಗ್ ತಂತಿಯ ವಿಷಯದಲ್ಲಿ ರಾಜಿ ಬೇಡ. ಇಂದು ಮನೆಗೆ ಹೋದವರು ಮೊದಲು ನಿಮ್ಮ ಮೀಟರಿನ ಪಕ್ಕದ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಇದೆಯೇ ನೋಡಿ.