ಬೆನ್ನ ಹಿಂದೆ ನಿಂತವರು



ಇಂದಿರಾನಗರದ ನನ್ನ ಮನೆಯ ಮಹಡಿಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ವರ್ಷಗಳಲ್ಲಿ, ಎಚ್‌ಎಎಲ್ ನಿಲ್ದಾಣದ ವಿಮಾನಗಳ ಸದ್ದಿಗೆ ಲೇಖನಿಯನ್ನು ಕ್ಷಣಕಾಲ ಕೆಳಗಿಡುವುದು ನನಗೆ ಅಭ್ಯಾಸವಾಗಿತ್ತು. 2008ರ ಮೇ ತಿಂಗಳಲ್ಲಿ ಆ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೊರಟುಹೋದವು. ಸದ್ದು ಕೇಳಿದಾಗಲೆಲ್ಲ ನನ್ನ ಕಲ್ಪನೆಗೆ ಬರುತ್ತಿದ್ದವರು ಇಬ್ಬರೇ: ವಿಮಾನ ನಡೆಸುವ ಪೈಲಟ್, ಅವನಿಗೆ ದಾರಿ ಹೇಳುವ ನಿಯಂತ್ರಕ. ಮೂರನೆಯವರೊಬ್ಬರಿದ್ದಾರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅವರೇ ಪಾಳಿಯ ಮೇಲ್ವಿಚಾರಕರು.

ಇವರು ಸಾಮಾನ್ಯವಾಗಿ ಪೈಲಟ್ಟಿನೊಡನೆ ಮಾತನಾಡುವುದಿಲ್ಲ. ನಿಯಂತ್ರಕರ ಬೆನ್ನ ಹಿಂದೆ ನಿಂತು ಇಡೀ ಕೋಣೆಯನ್ನು ಗಮನಿಸುತ್ತಾರೆ. ಸಂಚಾರ ಹೆಚ್ಚಿದಾಗ ಒಬ್ಬರ ಪಾಲಿನ ಆಕಾಶವನ್ನು ಇಬ್ಬರಿಗೆ ಹಂಚುವುದು, ದಣಿದವರನ್ನು ವಿಶ್ರಾಂತಿಗೆ ಕಳಿಸುವುದು, ಕುರ್ಚಿ ಕೈಬದಲಾಗುವಾಗ ವಿಷಯವೆಲ್ಲ ಮುಟ್ಟಿತೇ ಎಂದು ನೋಡುವುದು ಅವರ ಕೆಲಸ. ಎಲ್ಲವೂ ಸರಿಯಾಗಿ ನಡೆದ ದಿನ ಅವರು ಮಾಡಿದ್ದೇನೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅಂಥ ಕಣ್ಣು ಇಲ್ಲದಿದ್ದರೆ ಏನಾದೀತು? 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಬಳಿ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು 71 ಜನ ಸತ್ತರು. ಜ್ಯೂರಿಕ್‌ನ ನಿಯಂತ್ರಣ ಕೋಣೆಯಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಉಳಿದೊಬ್ಬರು ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದರು. ವರ್ಷಗಳಿಂದ ನಡೆದುಬಂದಿದ್ದ ಆ ರೂಢಿಯನ್ನು ಮೇಲಿನವರು ಸಹಿಸಿಕೊಂಡೇ ಬಂದಿದ್ದರೆಂದು ತನಿಖೆ ಹೇಳಿತು.

ನಮ್ಮ ದೇವನಹಳ್ಳಿಯಲ್ಲೂ 2022ರ ಜನವರಿಯ ಒಂದು ಬೆಳಿಗ್ಗೆ ಇಂಥ ಗಳಿಗೆ ಬಂದಿತ್ತು. ದಕ್ಷಿಣದ ಓಡುಪಥವನ್ನು ನಿಲ್ಲಿಸಿ ಉತ್ತರದ ಒಂದನ್ನೇ ಬಳಸಬೇಕೆಂದು ಪಾಳಿಯ ಮುಖ್ಯಸ್ಥರು ನಿರ್ಧರಿಸಿದರು. ಆ ಮಾತು ದಕ್ಷಿಣ ಗೋಪುರದ ನಿಯಂತ್ರಕರನ್ನು ಮುಟ್ಟಲಿಲ್ಲ. ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು, ಎರಡು ವಿಮಾನಗಳು ಎರಡು ಓಡುಪಥಗಳಿಂದ ಹೆಚ್ಚುಕಡಿಮೆ ಒಮ್ಮೆಗೇ ಮೇಲೆದ್ದು ಪರಸ್ಪರ ಹತ್ತಿರವಾದವು. ರೇಡಾರ್ ನಿಯಂತ್ರಕರು ಕಂಡು ಎಚ್ಚರಿಸಿದ್ದರಿಂದ 400ಕ್ಕೂ ಹೆಚ್ಚು ಜನ ಉಳಿದರು.

ಈ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಹಳ ಹಿಂದೆ ನಾನು ಪರೀಕ್ಷೆಯ ಮುಖ್ಯ ಮೇಲ್ವಿಚಾರಕನಾಗಿದ್ದಾಗ, ಮಳೆಯಿಂದ ಸೋರುತ್ತಿದ್ದ ಕೊಠಡಿಯೊಂದನ್ನು ಬದಲಾಯಿಸಿದೆ. ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಬಾಗಿಲಲ್ಲಿದ್ದ ಜವಾನನಿಗೆ ಹೇಳಲಿಲ್ಲ. ಅವನು ಹಳೆಯ ಕೊಠಡಿಗೇ ಕಳಿಸಿದ ಹುಡುಗಿಯೊಬ್ಬಳು ಅರ್ಧ ಗಂಟೆ ಕಳೆದುಕೊಂಡು ಅಳುತ್ತ ಬಂದಳು. ನಾನು ಎಲ್ಲರೆದುರಿಗೆ ಜವಾನನನ್ನು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ತಪ್ಪು ನನ್ನದೆಂದು ಅವನಿಗೆ ಹೇಳುವ ಮೊದಲೇ ಅವನು ನಿವೃತ್ತನಾದ.

ಅಂದು ಕೆಟ್ಟದ್ದು ಅರ್ಧ ಗಂಟೆ ಮಾತ್ರ. ಗೋಪುರದಲ್ಲಿ ಅಷ್ಟೇ ಸಣ್ಣ ಮರೆವಿಗೆ ತೆರಬೇಕಾದ ಬೆಲೆ ಬೇರೆ. ನಿರ್ಧಾರವು ಮಾಡಿದಾಗಲ್ಲ, ಕೊನೆಯವನ ಕಿವಿಗೆ ಮುಟ್ಟಿದಾಗ ಪೂರ್ಣವಾಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಗದರಿಸಿಕೊಂಡವನು ಮುಂದೆ ತಪ್ಪನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪಿನಿಂದ ಯಾರೂ ಕಲಿಯಲಾರರು. “ನನ್ನಿಂದ ತಪ್ಪಾಯಿತು” ಎಂದು ಕಿರಿಯರು ನಿರ್ಭಯವಾಗಿ ಬಂದು ಹೇಳುವಂತೆ ನಡೆದುಕೊಳ್ಳುವುದೇ ಮೇಲ್ವಿಚಾರಕರು ಸುರಕ್ಷತೆಗೆ ಸಲ್ಲಿಸುವ ಮುಖ್ಯ ಸೇವೆ.

ಸಂಜೆ ಹಲಸೂರು ಕೆರೆಯ ಬಳಿ ಅಡ್ಡಾಡುವಾಗ ಆಕಾಶದಲ್ಲಿ ದೀಪವೊಂದು ಚಲಿಸಿದರೆ, ನಾನು ಈಗ ಮೂವರನ್ನು ನೆನೆಯುತ್ತೇನೆ. ನಾಲ್ಕನೆಯವನಾಗಿ ಆ ಜವಾನನನ್ನೂ.